ರೊಮೇನಿಯಾದಿಂದ ಬಂದ ಹುಡುಗಿಗೆ ಇಂಗ್ಲೆಂಡಿನಲ್ಲಿ ಏನು ತೋರಿಸೋಣ?

ಕಾವೇರಿತೀರದವಳು (ಮಾರ್ಚ್ 2025)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಕಡೆಯವಳು, ಗಂಡನ ಜೊತೆ ಲೆಸ್ಟರ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಹೋದ ಸೆಪ್ಟೆಂಬರ್‌ನಿಂದ ನಮ್ಮ ಮಹಡಿ ಮೇಲಿನ ಕೋಣೆಯಲ್ಲಿ ರೊಮೇನಿಯಾದ ಒಬ್ಬ ಹುಡುಗಿ ಇದ್ದಾಳೆ. ಸುಚಾವಾ ಎಂಬ ಊರಿನವಳು, ಇಲ್ಲಿ ಮಾಸ್ಟರ್ಸ್ ಓದಲು ಬಂದಿದ್ದಾಳೆ. ನಮ್ಮ ಮನೆಗೆ ಅವಳು ಬಂದಿದ್ದೇ ಒಂದು ಕಷ್ಟದಿಂದ. ಊರಲ್ಲಿ ಕೂತು ಫೋಟೋ ನೋಡಿ ಒಂದು ಕೋಣೆಗೆ ಮುಂಗಡ ಕಳಿಸಿದ್ದಾಳೆ, ಎರಡು ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೆ ಹೋದರೆ ಅಲ್ಲಿ ಬಾಡಿಗೆಗೆ ಕೋಣೆಯೇ ಇಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಫೋನ್ ಮಾಡಿ, ಒಂದು ರಾತ್ರಿಗೆ ಜಾಗ ಕೊಡ್ತೀರಾ ಅಂತ ಕೇಳಿದರು. ಆ ಒಂದು ರಾತ್ರಿ ಈಗ ಆರು ತಿಂಗಳಾಗಿದೆ.

ಮೊದಲ ವಾರ ಅವಳಿಗೆ ಎಲ್ಲವೂ ಹೊಸದು. ಫೋನ್ ಚಾರ್ಜ್ ಆಗುತ್ತಿಲ್ಲ ಅಂತ ಹೇಳಿದಳು, ನೋಡಿದರೆ ಗೋಡೆಯ ಸ್ವಿಚ್ ಹಾಕಿಲ್ಲ. ಅವರ ಊರಲ್ಲಿ ಪ್ಲಗ್ಗಿಗೆ ಸ್ವಿಚ್ಚೇ ಇರುವುದಿಲ್ಲವಂತೆ, ಸಿಕ್ಕಿಸಿದರೆ ಆಯಿತು. ಬಚ್ಚಲಲ್ಲಿ ಒಂದು ನಲ್ಲಿಯಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೊರೆಯುವ ನೀರು. ನಾನು ಬಕೆಟ್ ಚೊಂಬು ಕೊಟ್ಟೆ, ಈಗ ಅವಳಿಗೆ ಅದೇ ಅಭ್ಯಾಸ. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ 'ಆಲ್‌ರೈಟ್, ಮಿ ಡಕ್?' ಅಂದರೆ ಇವಳು ನಿಂತು ತನ್ನ ಆರೋಗ್ಯದ ವಿಷಯ ಪೂರ್ತಿ ಹೇಳುತ್ತಿದ್ದಳು, ಅದು ಬರೀ ನಮಸ್ಕಾರ ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು. ಹಾಲು ಹಾಕಿದ ಚಹಾ ಕಂಡರೆ ಇವತ್ತಿಗೂ ಮುಖ ಕಿವುಚುತ್ತಾಳೆ. ಅವರ ಮನೆಯಲ್ಲಿ ನೆಗಡಿ ಜ್ವರ ಬಂದಾಗ ಕುಡಿಯುವುದು ಚಹಾ, ಅದೂ ನಿಂಬೆ ಹಿಂಡಿ.

ಆದರೆ ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಆರು ತಿಂಗಳಲ್ಲಿ ಅವಳು ನೋಡಿದ್ದು ಯೂನಿವರ್ಸಿಟಿ, ಸೂಪರ್‌ಮಾರ್ಕೆಟ್, ಪಾರ್ಟ್ ಟೈಮ್ ಕೆಲಸದ ಜಾಗ, ನಮ್ಮ ಅಡುಗೆಮನೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು, ಕೋಣೆ ಬಾಗಿಲು ಹಾಕಿಕೊಂಡರೆ ಊಟಕ್ಕೆ ಕರೆದಾಗಲೇ ಹೊರಗೆ ಬರುತ್ತಿದ್ದಳು. ಇದು ಸರಿಯಲ್ಲ ಅನ್ನಿಸಿ ಫೆಬ್ರವರಿಯಲ್ಲಿ ಒಂದು ಶನಿವಾರ ಲಂಡನ್‌ಗೆ ಕರೆದುಕೊಂಡು ಹೋದೆವು. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಕೆಟ್ ಇಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನದು. 2019ರಲ್ಲಿ ಇಲ್ಲಿಗೆ ಬಂದ ಹೊಸದರಲ್ಲಿ ಅಲ್ಲಿ ನಾನು ಟಿಪ್ಪುವಿನ ಮರದ ಹುಲಿ ನೋಡಿದ್ದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತು ತಂದಿದ್ದು. ನಮ್ಮೂರಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಶ್ರೀರಂಗಪಟ್ಟಣ. ಆ ಹುಲಿಯ ಮುಂದೆ ನಿಂತು ಅವತ್ತು ಅತ್ತುಬಿಟ್ಟಿದ್ದೆ. ಕೋಪವೂ ಇತ್ತು, ಊರಿನವರು ಸಿಕ್ಕಿದ ಹಾಗೆ ಸಂತೋಷವೂ ಇತ್ತು.

ಹುಲಿ ಇರುವ ಕಡೆ ಹೋಗುವ ಮುಂಚೆಯೇ ನಾವು ಕಾಸ್ಟ್ ಕೋರ್ಟ್ಸ್ ಎಂಬ ದೊಡ್ಡ ಹಾಲ್‌ಗೆ ಹೋದೆವು. ಅಲ್ಲಿರುವುದೆಲ್ಲ ಬೇರೆ ದೇಶಗಳ ದೊಡ್ಡ ಕೆತ್ತನೆಗಳ ಪ್ಲಾಸ್ಟರ್ ಅಚ್ಚು. ರೋಮ್ ನಗರದ ಟ್ರೇಜನ್ ಕಂಬದ ಅಚ್ಚೂ ಇದೆ, ಛಾವಣಿ ಸಾಲದೆ ಎರಡು ತುಂಡು ಮಾಡಿ ಪಕ್ಕ ಪಕ್ಕ ನಿಲ್ಲಿಸಿದ್ದಾರೆ. ನಾನು 'ಅಬ್ಬಾ ಎಷ್ಟು ಎತ್ತರ' ಅಂದುಕೊಂಡು ಮುಂದೆ ಹೋದೆ. ತಿರುಗಿ ನೋಡಿದರೆ ಇವಳು ಅಲ್ಲೇ ನಿಂತಿದ್ದಾಳೆ, ಕಣ್ಣಲ್ಲಿ ನೀರು. ಆಮೇಲೆ ಹೇಳಿದಳು. ಆ ಕಂಬದ ತುಂಬ ಸುತ್ತಿಕೊಂಡು ಹೋಗುವ ಕೆತ್ತನೆ ಎಲ್ಲವೂ ಅವರ ಕಥೆ. ಈಗಿನ ರೊಮೇನಿಯಾ ಇರುವ ಜಾಗ ಆಗ ಡೇಸಿಯಾ. ರೋಮನ್ನರ ಚಕ್ರವರ್ತಿ ಟ್ರೇಜನ್ ಎರಡು ಯುದ್ಧ ಮಾಡಿ ಕ್ರಿಸ್ತಶಕ 106ರಲ್ಲಿ ಅದನ್ನು ಗೆದ್ದ. ಡೇಸಿಯಾದ ರಾಜ ದೆಚೆಬಾಲ್ ರೋಮನ್ನರ ಕೈಗೆ ಸಿಗಬಾರದು ಅಂತ ತನ್ನ ಪ್ರಾಣ ತಾನೇ ತೆಗೆದುಕೊಂಡ. ಅದೂ ಕಂಬದ ಮೇಲೆ ಇದೆ. ಶಾಲೆಯ ಪುಸ್ತಕದಲ್ಲಿ ಬೆರಳಗಲದ ಚಿತ್ರ ನೋಡಿದ್ದಳಂತೆ. 'ನಮ್ಮಲ್ಲಿ ಗಂಡುಮಕ್ಕಳಿಗೆ ಟ್ರೇಜನ್ ಹೆಸರನ್ನೂ ಇಡುತ್ತಾರೆ, ದೆಚೆಬಾಲ್ ಹೆಸರನ್ನೂ ಇಡುತ್ತಾರೆ, ಇಬ್ಬರೂ ನಮ್ಮ ಹಿರಿಯರು' ಅಂದಳು. ಮ್ಯೂಸಿಯಂ ಮುಚ್ಚುವ ತನಕ ಅಲ್ಲೇ ಇದ್ದೆವು, ಹುಲಿಯ ಕಡೆ ಹೋಗಲೇ ಇಲ್ಲ. ಮನೆಗೆ ಬರುವಾಗ ರೈಲಿನಲ್ಲಿ ಮೊದಲ ಸಲ ತಾನಾಗಿ ಅವರ ಮನೆ, ತಾತ, ಊರು ಅಂತ ಎಲ್ಲ ಮಾತಾಡಿದಳು.

ಅದಕ್ಕೇ ಕೇಳುತ್ತಿದ್ದೇನೆ. ಇಂಥ ಜಾಗ ಇನ್ನೆಲ್ಲಿವೆ? ಮತ್ತೆ ಏಪ್ರಿಲ್ 20ಕ್ಕೆ ಈಸ್ಟರ್ ಇದೆ, ಇವರು ಆರ್ಥೊಡಾಕ್ಸ್ ಪಂಥದ ಕ್ರೈಸ್ತರು, ಇವರ ಈಸ್ಟರ್ ಬೇರೆ ದಿನ ಬರುವುದುಂಟು, ಆದರೆ ಈ ವರ್ಷ ಇಂಗ್ಲಿಷರದ್ದೂ ಇವರದ್ದೂ ಒಂದೇ ದಿನ ಬಂದಿದೆ. ಮನೆ ಬಿಟ್ಟು ಅವಳು ಮಾಡುವ ಮೊದಲ ಈಸ್ಟರ್. ನಾವು ಏನು ಮಾಡಬಹುದು?

ಬೆಳಗಾವಿ_ಕುಂದಾ

ಅಕ್ಕಾ, ಓದಿ ಖುಷಿ ಆಯಿತು. ಲಂಡನ್ ಐ, ಸ್ಟೋನ್‌ಹೆಂಜ್, ಬಾತ್, ಆಕ್ಸ್‌ಫರ್ಡ್ ಮೊದಲು ತೋರಿಸಿ. ಎಲ್ಲರೂ ನೋಡುವುದನ್ನು ನೋಡದೆ ಊರಿಗೆ ಹೋದರೆ ಆಮೇಲೆ ಬೇಜಾರಾಗುತ್ತದೆ. ರೊಮೇನಿಯಾ ಅಂದರೆ ಡ್ರಾಕುಲಾ ಅಲ್ವಾ, ಯಾರ್ಕ್‌ಷೈರ್ ಕಡಲ ತೀರದಲ್ಲಿ, ಆ ಕಥೆಯಲ್ಲಿ ಬರುವ ವಿಟ್ಬಿಗೂ ಕರೆದುಕೊಂಡು ಹೋಗಿ. ಅವಳು ಯುರೋಪಿನವಳು, ವೀಸಾ ತಲೆನೋವು ಇಲ್ಲ, ಯಾವಾಗ ಬೇಕಾದರೂ ಬಂದು ನೋಡಬಹುದು, ಅದೊಂದು ಅನುಕೂಲ.

ಕಾವೇರಿತೀರದವಳು

ಕುಂದಾ ಅವರೇ, ನಾನೂ ಹಾಗೇ ಅಂದುಕೊಂಡಿದ್ದೆ, ಆದರೆ ಆ ಕಾಲ ಹೋಯಿತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಿದ್ದರಿಂದ 2020ರ ಕೊನೆಗೆ ಓಡಾಟದ ಆ ಸ್ವಾತಂತ್ರ್ಯ ಮುಗಿಯಿತು. ಅವಳ ಅಣ್ಣನ ಸ್ನೇಹಿತರು 2018ರಲ್ಲಿ ಬಂದು ಇಲ್ಲಿನ ಹುಡುಗರಷ್ಟೇ ಫೀಸು ಕಟ್ಟಿ ಓದಿದರು. ಇವಳು ನಮ್ಮ ಮಕ್ಕಳ ಹಾಗೆಯೇ ಸ್ಟೂಡೆಂಟ್ ವೀಸಾ ತಗೊಂಡು, ಹೊರದೇಶದವರ ಫೀಸು ಕಟ್ಟಿ, ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದಿದ್ದಾಳೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಸುಮ್ನೆ ನೋಡಲು ಬರಬೇಕಾದರೂ ಇದೇ ಏಪ್ರಿಲ್ 2ರಿಂದ ಯುರೋಪಿನವರು ಮೊದಲೇ ಇಟಿಎ ಎಂಬ ಪ್ರಯಾಣದ ಅನುಮತಿ ಪಡೆಯಬೇಕು. ಅವಳ ಅಮ್ಮ ಬೇಸಿಗೆಯಲ್ಲಿ ಬರುವಾಗ ಅದು ಬೇಕಾಗುತ್ತದೆ.

ಡ್ರಾಕುಲಾ ವಿಷಯ ಮಾತ್ರ ದಯವಿಟ್ಟು ಬೇಡ. ಕೆಲಸದಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಅವಳನ್ನು ಮೊದಲು ಕೇಳುವುದೇ ಅದು. ಅವಳ ಊರು ಟ್ರಾನ್ಸಿಲ್ವೇನಿಯಾದಲ್ಲೂ ಇಲ್ಲ. ಅವಳ ಊರಿನ ಸುತ್ತ ಇರುವುದು ಹೊರಗೋಡೆಗಳ ಮೇಲೆಲ್ಲ ಚಿತ್ರ ಬರೆದ ಹಳೆಯ ಮಠಗಳು. ವೊರೊನೆತ್ಸ್ ಅಂತ ಒಂದಿದೆ, 1488ರದ್ದು. ಅಲ್ಲಿನ ನೀಲಿ ಬಣ್ಣವನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ನಮಗೆ ಬೇಲೂರು ಹಳೇಬೀಡು ಹೇಗೋ ಅವಳಿಗೆ ಅದು ಹಾಗೆ. ಅದನ್ನು ಯಾರೂ ಕೇಳುವುದಿಲ್ಲ ಅಂತ ಅವಳಿಗೆ ನೋವಿದೆ.

ಹ್ಯಾರೋ_ಹೈದ

ಅಕ್ಕಾ, ನನ್ನ ಹೆಂಡತಿ ರೊಮೇನಿಯಾದವಳು. ನಿಮ್ಮ ಬರಹ ಅವಳಿಗೆ ಓದಿ ಹೇಳಿದೆ, ಕಂಬದ ಜಾಗ ಬಂದಾಗ ಅವಳೂ ಸುಮ್ಮನಾದಳು.

ಅವಳು ಬಂದಿದ್ದು 2014ರಲ್ಲಿ. ಆ ವರ್ಷ ಜನವರಿ 1ಕ್ಕೆ ರೊಮೇನಿಯಾದವರ ಕೆಲಸದ ಮೇಲಿನ ನಿರ್ಬಂಧ ತೆಗೆದರು. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರೊಮೇನಿಯಾದಲ್ಲಿ ಹುಟ್ಟಿದವರು ಸುಮಾರು 80,000 ಇದ್ದರು, 2021ಕ್ಕೆ 5,39,000 ಆದರು. ಹೊರಗೆ ಹುಟ್ಟಿದವರಲ್ಲಿ ಭಾರತದವರು ಮೊದಲು, ಆಮೇಲೆ ಪೋಲೆಂಡ್, ಪಾಕಿಸ್ತಾನ, ನಾಲ್ಕನೆಯದು ರೊಮೇನಿಯಾ. ಇಷ್ಟು ಜನ ಇದ್ದರೂ ಇವರ ಬಗ್ಗೆ ಪೇಪರ್‌ನಲ್ಲಿ ಬರುವುದು ಹೆಚ್ಚಾಗಿ ಕೆಟ್ಟ ಸುದ್ದಿ. ಕಟ್ಟಡ ಕಟ್ಟುವವರು, ಹೊಲದಲ್ಲಿ ಸ್ಟ್ರಾಬೆರಿ ಕೀಳುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರಲ್ಲಿ ಇವರೆಷ್ಟು ಜನ ಇದ್ದಾರೆ ಅಂತ ಯಾರೂ ಬರೆಯುವುದಿಲ್ಲ. ನನ್ನ ಹೆಂಡತಿ ಮೊದಲ ಎರಡು ವರ್ಷ ಬಸ್ಸಿನಲ್ಲಿ ಅಮ್ಮನ ಹತ್ತಿರ ಫೋನ್‌ನಲ್ಲಿ ಮಾತಾಡುವಾಗ ದನಿ ತಗ್ಗಿಸುತ್ತಿದ್ದಳು. ನನಗೆ ಅದು ನೋಡಿದಾಗಲೆಲ್ಲ ಸಂಕಟ ಆಗುತ್ತಿತ್ತು.

ಈಗ ಜಾಗದ ವಿಷಯ. ಲಂಡನ್‌ನ ಫ್ಲೀಟ್ ಸ್ಟ್ರೀಟ್‌ನಲ್ಲಿ ಸೇಂಟ್ ಡನ್‌ಸ್ಟನ್ ಇನ್ ದ ವೆಸ್ಟ್ ಅಂತ ಚರ್ಚ್ ಇದೆ. ಹೊರಗೆ 1671ರ ಗಡಿಯಾರ, ಇಬ್ಬರು ದೈತ್ಯರ ಗೊಂಬೆಗಳು ಗದೆಯಿಂದ ಗಂಟೆ ಹೊಡೆಯುತ್ತವೆ, ಜನ ಅದನ್ನು ನೋಡಿ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಒಳಗೆ ಹೋಗಿ. ಆಂಗ್ಲಿಕನ್, ಅಂದರೆ ಇಂಗ್ಲಿಷರ ಪಂಥದ ಚರ್ಚಿನೊಳಗೇ ರೊಮೇನಿಯಾದ ಆರ್ಥೊಡಾಕ್ಸ್ ಜನರ ಚಾಪೆಲ್ ಇದೆ. ಅಲ್ಲಿರುವ ಸಂತರ ಚಿತ್ರಗಳ ಅಡ್ಡಗೋಡೆ ಬುಕಾರೆಸ್ಟ್‌ನ ಅಂತಿಮ್ ಮಠದಿಂದ 1966ರಲ್ಲಿ ಬಂದಿದ್ದು. ಚಿತ್ರದ ಮಠಗಳ ಊರಿನ ಹುಡುಗಿ ಅಂದಿರಿ, ಅವಳಿಗೆ ಅದು ಬೇಕೇ ಬೇಕು. ತೆರೆದಿರುವ ಸಮಯ ನೋಡಿಕೊಂಡು ಹೋಗಿ. ಅಲ್ಲಿಂದ ಹೊಳೆ ದಾಟಿ ದಂಡೆ ಹಿಡಿದು ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರು ಇದ್ದಾರೆ, 2015ರಲ್ಲಿ ನಿಲ್ಲಿಸಿದ ಪ್ರತಿಮೆ. ಒಂದೇ ದಿನ ಎರಡೂ ಆಗುತ್ತದೆ.

ಊಟಕ್ಕೆ ಉತ್ತರ ಲಂಡನ್ನಿನ ಬರ್ನ್ಟ್ ಓಕ್ ಕಡೆ ಬನ್ನಿ, ಸಾಲು ಸಾಲಾಗಿ ರೊಮೇನಿಯಾದ ಅಂಗಡಿಗಳಿವೆ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಅವರು ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟುವುದಿಲ್ಲ. ಅಂಗಡಿಯಲ್ಲಿ 'ದೆ ಪೋಸ್ತ್' ಅಂತ ಬರೆದಿರುವುದು ಆ ಉಪವಾಸಕ್ಕೆ ಆಗುವ ತಿಂಡಿ. ಈಸ್ಟರ್ ರಾತ್ರಿಗೆ ಮೂವರೂ ನಮ್ಮ ಮನೆಗೇ ಬನ್ನಿ. ಪ್ರಾರ್ಥನೆ ನಡುರಾತ್ರಿ, ಆಮೇಲೆ ಲೆಸ್ಟರ್‌ಗೆ ರೈಲಿಲ್ಲ. ಹಾಸಿಗೆ ಇದೆ, ಸಂಕೋಚ ಬೇಡ.

ಹೊಸಬ_2024

ಅಕ್ಕಾ, ನಾನು ಕವೆಂಟ್ರಿಯಲ್ಲಿ ಓದುತ್ತಿದ್ದೇನೆ, ದಾವಣಗೆರೆಯವನು. ಆ ಕೋಣೆಯ ಮೋಸ ಓದಿ ಭಯ ಆಯಿತು, ನನ್ನ ತಮ್ಮ ಸೆಪ್ಟೆಂಬರ್‌ಗೆ ಬರುತ್ತಾನೆ. ಅವಳಿಗೆ ದುಡ್ಡು ವಾಪಸ್ ಬಂತಾ? ಮತ್ತೆ ಲಂಡನ್‌ಗೆ ರೈಲಿನಲ್ಲಿ ಹೋದರೆ ತುಂಬಾ ಖರ್ಚಲ್ವಾ?

ಕಾವೇರಿತೀರದವಳು

ವಾಪಸ್ ಬರಲಿಲ್ಲಪ್ಪ. ಪೊಲೀಸರಿಗೂ ಬ್ಯಾಂಕಿಗೂ ತಿಳಿಸಿದಳು, ಏನೂ ಆಗಲಿಲ್ಲ. ತಮ್ಮನಿಗೆ ಹೇಳು, ಕಣ್ಣಾರೆ ನೋಡದೆ, ಇಲ್ಲ ನಿನ್ನಂಥವರು ಯಾರಾದರೂ ಹೋಗಿ ನೋಡದೆ, ಒಂದು ಪೌಂಡೂ ಕಳಿಸಬಾರದು. ಮೊದಲ ಎರಡು ವಾರ ಹಾಸ್ಟೆಲ್‌ನಲ್ಲಿ ಇದ್ದು ಹುಡುಕಲಿ. ಕಾನೂನಿನ ಪ್ರಕಾರ ಮುಂಗಡ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ತಗೊಂಡ 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ಡೆಪಾಸಿಟ್ ಸ್ಕೀಮಿನಲ್ಲಿ ಇಡಬೇಕು. ನಮ್ಮ ಹಾಗೆ ಮನೆಯವರ ಜೊತೆಯಲ್ಲೇ ಇರುವವರಿಗೆ ಆ ಸ್ಕೀಮ್ ಅನ್ವಯಿಸುವುದಿಲ್ಲ, ಅಂಥ ಕಡೆ ಎಲ್ಲವನ್ನೂ ಬರೆಸಿಕೊಳ್ಳಬೇಕು. ಬಂದ ವಾರವೇ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರ ಕ್ಲಿನಿಕ್‌ನಲ್ಲಿ ಹೆಸರು ಬರೆಸಲಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇವಳು ಅದನ್ನು ಮುಂದೂಡಿ ನವೆಂಬರ್‌ನಲ್ಲಿ ಕೆಮ್ಮು ಜೋರಾದಾಗ ಒದ್ದಾಡಿದಳು.

ರೈಲಿಗೆ 16-25 ರೈಲ್‌ಕಾರ್ಡ್ ತಗೋ, ಈಗ 35 ಪೌಂಡ್, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ. ಎರಡು ಸಲ ಲಂಡನ್‌ಗೆ ಹೋಗಿ ಬಂದರೆ ಹೆಚ್ಚುಕಡಿಮೆ ಅದರ ದುಡ್ಡು ಹುಟ್ಟಿತು. ಮುಂಚೆಯೇ ಬುಕ್ ಮಾಡು. ಊರೊಳಗೆ ಬಸ್ಸಿಗೆ ಒಂದು ಸಲಕ್ಕೆ 3 ಪೌಂಡ್ ಮಿತಿ ಇದೆ, ಡಿಸೆಂಬರ್ ತನಕ 2 ಇತ್ತು. ನಾವು ಬ್ರ್ಯಾಡ್‌ಗೇಟ್ ಪಾರ್ಕ್ ಕಡೆಗೆ ಹೋಗಿದ್ದು ಬಸ್ಸಿನಲ್ಲೇ. 1553ರಲ್ಲಿ ಒಂಬತ್ತು ದಿನ ಮಾತ್ರ ರಾಣಿಯಾಗಿದ್ದ ಜೇನ್ ಗ್ರೇ ಅವರ ಮನೆಯ ಇಟ್ಟಿಗೆ ಗೋಡೆಗಳು ಅಲ್ಲಿ ಉಳಿದಿವೆ, ಸುತ್ತ ಜಿಂಕೆಗಳು ಮೇಯುತ್ತಿರುತ್ತವೆ. ಒಳಗೆ ನಡೆದಾಡಲು ದುಡ್ಡು ಕೊಡಬೇಕಾಗಿಲ್ಲ. ಅವಳಿಗೆ ಆ ಜಾಗ ತುಂಬಾ ಹಿಡಿಸಿತು.

ಹೈದ ಅವರೇ, ನಿಮ್ಮ ಕರೆ ಓದಿ ಏನು ಹೇಳಬೇಕೋ ತಿಳಿಯಲಿಲ್ಲ. ಬರುತ್ತೇವೆ. ಉಪವಾಸದ ವಿಷಯ ಹೇಳಿದ್ದು ಒಳ್ಳೆಯದಾಯಿತು, ಅವಳೂ ಈ ತಿಂಗಳ ಮೂರನೇ ತಾರೀಖಿನಿಂದ ಹಿಡಿದಿದ್ದಾಳೆ. ಈಗ ನಮ್ಮ ಮನೆ ಅಡುಗೆ ಅವಳಿಗೆ ಚೆನ್ನಾಗಿ ಹೊಂದುತ್ತಿದೆ, ತುಪ್ಪ ಮೊಸರು ಬಿಟ್ಟರೆ ಆಯಿತು. ಮೊನ್ನೆ ಮುದ್ದೆ ಬಸ್ಸಾರು ಮಾಡಿದ್ದೆ. ತಟ್ಟೆ ನೋಡಿ 'ಇದು ನಮ್ಮ ಮಮಲಿಗಾ' ಅಂದಳು. ಅವರದ್ದು ಜೋಳದ ಹಿಟ್ಟಿನದು, ಮೆಕ್ಕೆಜೋಳ, ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವುವುದು ನಮ್ಮ ಹಾಗೆಯೇ. ಹಲಗೆ ಮೇಲೆ ಮಗುಚಿ ದಾರದಿಂದ ಕತ್ತರಿಸುತ್ತಾರಂತೆ! ಅಗಿಯದೆ ನುಂಗು ಅಂತ ನಾನು ಹೇಳಿಕೊಟ್ಟಿದ್ದು ಮಾತ್ರ ಅವಳಿಗೆ ಇನ್ನೂ ಬಂದಿಲ್ಲ.

ಮಾರ್ಚ್ 1ಕ್ಕೆ ನನಗೂ ನನ್ನ ಗಂಡನಿಗೂ ಕೆಂಪು ಬಿಳಿ ದಾರ ಹೊಸೆದು ಕೊಟ್ಟಳು. ವಸಂತ ಬಂತು ಅಂತ ಅವರು ಕೊಡುವ ಮರ್ತ್ಸಿಶೋರ್. ನಾನು ಕೈಗೆ ಕಟ್ಟಿಕೊಂಡಿದ್ದೇನೆ, ಇನ್ನೂ ಬಿಚ್ಚಿಲ್ಲ.

ಹ್ಯಾರೋ_ಹೈದ

ಇನ್ನೊಂದು ಹೇಳಬೇಕು ಅಕ್ಕಾ. ಅವಳು ಕಿಟಕಿ ಮುಚ್ಚುತ್ತಾಳಾ? ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಅದೇ ಮಾತು. ಎರಡು ಕಡೆ ಕಿಟಕಿ ತೆರೆದು ಗಾಳಿ ಆಡಿದರೆ ಅದನ್ನು 'ಕುರೆಂಟ್' ಅನ್ನುತ್ತಾರೆ, ಕಿವಿನೋವು, ಕುತ್ತಿಗೆ ನೋವು, ಎಲ್ಲ ಅದರಿಂದಲೇ. ನಮ್ಮ ಅಮ್ಮ ಹ್ಯಾರೋಗೆ ಬಂದಾಗ ಅತ್ತೆ ಸೊಸೆ ಇಬ್ಬರಿಗೂ ಮೊದಲು ಹೊಂದಿಕೆಯಾದ ವಿಷಯ ಅದೇ, ತಲೆಗೆ ಸ್ಕಾರ್ಫ್ ಕಟ್ಟದೆ ಮಗು ಹೊರಗೆ ಹೋಗುವ ಹಾಗಿಲ್ಲ.

ನ್ಯೂಕಾಸಲ್_ಶರಾವತಿ

ನಮಸ್ಕಾರ. ಕಂಬದ ಮೇಲಿನ ಡೇಸಿಯನ್ನರ ಕಥೆ ಓದಿದೆ. ಆ ಕಥೆಯ ಮುಂದಿನ ಭಾಗ ನಮ್ಮ ಕಡೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೇಡ್ರಿಯನ್ ಗೋಡೆ ಕೇಳಿರುತ್ತೀರಿ. ಕ್ರಿಸ್ತಶಕ 122ರಲ್ಲಿ ರೋಮನ್ನರು ಶುರು ಮಾಡಿದ್ದು, 73 ಮೈಲಿ, ಇಂಗ್ಲೆಂಡಿನ ಉತ್ತರದಲ್ಲಿ ಕಡಲಿಂದ ಕಡಲಿಗೆ. ಅದರ ಮೇಲೆ ಕಂಬ್ರಿಯಾದಲ್ಲಿ ಬರ್ಡೋಸ್ವಾಲ್ಡ್ ಎಂಬ ಕೋಟೆ ಇದೆ. ಆ ಕೋಟೆಯನ್ನು ಬಹಳ ಕಾಲ ಕಾದಿದ್ದು ಡೇಸಿಯನ್ನರ ಪಡೆ. ಸೋತ ನಾಡಿನ ಗಂಡಸರನ್ನು ಸೈನ್ಯಕ್ಕೆ ಸೇರಿಸಿ ಸಾಮ್ರಾಜ್ಯದ ಇನ್ನೊಂದು ತುದಿಗೆ, ಈ ಮಳೆಗೆ, ಈ ಗಾಳಿಗೆ ಕಳಿಸಿದರು. ಅಲ್ಲಿನ ಕಣಜವನ್ನು ಡೇಸಿಯನ್ನರು ಮತ್ತು ಅವರ ದಕ್ಷಿಣದ ಥ್ರೇಸ್ ನಾಡಿನವರು ಕಟ್ಟಿದರು ಅಂತ ಶಾಸನ ಸಿಕ್ಕಿದೆ, ಕಣಜದ ಪಾಯ ಈಗಲೂ ನೋಡಬಹುದು. ಇನ್ನೊಂದು ಶಾಸನದ ಪಕ್ಕದಲ್ಲಿ ಬಾಗಿದ ಕತ್ತಿ ಕೆತ್ತಿದ್ದಾರೆ, ಅದು ಡೇಸಿಯಾದವರ ಆಯುಧ, ಅದೇ ಕತ್ತಿ ಆ ಕಂಬದ ಮೇಲೂ ಇದೆ. ನನ್ನ ಮನಸ್ಸಿನಲ್ಲಿ ಕೂತಿದ್ದು ಮಾತ್ರ ಒಂದು ಸಮಾಧಿ ಕಲ್ಲು. ಅಲ್ಲಿ ತೀರಿಕೊಂಡ ಒಂದು ಪುಟ್ಟ ಮಗುವಿನದು. ಮಗುವಿನ ಹೆಸರು ದೆಚೆಬಾಲ್. ನೂರು ವರ್ಷ ಕಳೆದರೂ, ರೋಮ್ ಸೈನ್ಯದಲ್ಲೇ ದುಡಿಯುತ್ತಿದ್ದರೂ, ಇಷ್ಟು ದೂರದಲ್ಲಿ ಮಗುವಿಗೆ ಸೋತ ರಾಜನ ಹೆಸರು ಇಟ್ಟಿದ್ದಾರೆ.

ಬೆಳಗಾವಿ_ಕುಂದಾ

ಮೇಡಂ, ಚೆನ್ನಾಗಿದೆ, ಆದರೆ ಲೆಸ್ಟರ್‌ನಿಂದ ಅಷ್ಟು ದೂರ ಪಾಯ ನೋಡಲು ಹೋಗುವುದು ಓದುವ ಹುಡುಗಿಗೆ ಭಾರ ಅಲ್ವಾ? ಇರುವುದು ಒಂದೇ ವರ್ಷ.

ನ್ಯೂಕಾಸಲ್_ಶರಾವತಿ

ಇರುವುದು ಒಂದು ವರ್ಷ ಅಂತಲೇ ಹೇಳಿದ್ದು. ನಾನು ಬಂದ ವರ್ಷ ಪಟ್ಟಿ ಹಿಡಿದು ಹದಿನಾಲ್ಕು ಊರು ಓಡಾಡಿದೆ, ಎಲ್ಲ ಕಡೆ ಅರ್ಧ ಗಂಟೆ. ಇವತ್ತು ಫೋಟೋ ನೋಡಿದರೆ ಯಾವುದು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ. ಸ್ಟೋನ್‌ಹೆಂಜ್ ಬೇಡ ಅನ್ನುತ್ತಿಲ್ಲ, ಆಗಲಿ. ಆದರೆ ಅವಳ ಮನಸ್ಸು ಎಲ್ಲಿ ನಿಂತಿತು ಅಂತ ಅಕ್ಕ ಕಣ್ಣಾರೆ ನೋಡಿದ್ದಾರೆ. ರೈಲಿನಲ್ಲಿ ಬಂದರೆ ಹಾಲ್ಟ್‌ವಿಸಲ್ ನಿಲ್ದಾಣಕ್ಕೆ ಬನ್ನಿ, ಅಲ್ಲಿಂದ ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಕಾವೇರಿತೀರದವಳು (ಏಪ್ರಿಲ್ 2025)

ಈಸ್ಟರ್ ಮುಗಿಸಿ ಬಂದೆವು. ಶನಿವಾರ ಮಧ್ಯಾಹ್ನ ಹೈದ ಅವರ ಮನೆ ತಲುಪಿದೆವು. ಅಡುಗೆಮನೆಯಲ್ಲಿ ಅವರ ಮನೆಯವರೂ ನಮ್ಮ ಹುಡುಗಿಯೂ ಮೊಟ್ಟೆಗೆ ಕೆಂಪು ಬಣ್ಣ ಹಾಕುತ್ತಾ ಅವರ ಭಾಷೆಯಲ್ಲಿ ಮಾತಾಡುತ್ತಿದ್ದರೆ ಅವಳ ದನಿಯೇ ಬೇರೆ. ನಮ್ಮ ಮನೆಯಲ್ಲಿ ಅವಳು ಇಷ್ಟು ಜೋರಾಗಿ ನಕ್ಕಿದ್ದು ನಾನು ಕೇಳಿರಲಿಲ್ಲ. ರಾತ್ರಿ ಚರ್ಚಿನ ಅಂಗಳ ತುಂಬಿ ರಸ್ತೆವರೆಗೂ ಜನ. ನಡುರಾತ್ರಿ ದೀಪ ಎಲ್ಲ ಆರಿಸಿದರು, ಪಾದ್ರಿಗಳು ಒಂದು ಬತ್ತಿಯ ಬೆಳಕು ತಂದರು, ಒಬ್ಬರಿಂದ ಒಬ್ಬರಿಗೆ ಬತ್ತಿ ಹಚ್ಚುತ್ತಾ ಅದು ನಮ್ಮ ಕೈಗೂ ಬಂತು. ಒಬ್ಬರು 'ಹ್ರಿಸ್ತೋಸ್ ಆ ಇನ್ವಿಯಾತ್' ಅಂದರೆ ಇನ್ನೊಬ್ಬರು 'ಅದೆವರಾತ್ ಆ ಇನ್ವಿಯಾತ್' ಅನ್ನಬೇಕು. ಕ್ರಿಸ್ತ ಎದ್ದ, ನಿಜವಾಗಿ ಎದ್ದ ಅಂತ. ನನ್ನ ಗಂಡ ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಉರಿಯುವ ಬತ್ತಿಯನ್ನು ಗಾಳಿಗೆ ಅಂಗೈ ಅಡ್ಡ ಹಿಡಿದು ಮನೆವರೆಗೂ ತಂದೆವು. ಬೆಳಿಗ್ಗೆ ಮೊಟ್ಟೆಗೆ ಮೊಟ್ಟೆ ಕುಟ್ಟಿ ಯಾರದ್ದು ಒಡೆಯುವುದಿಲ್ಲ ಅಂತ ನೋಡಿದರು, ಆಮೇಲೆ ಎಲೆಕೋಸಿನಲ್ಲಿ ಸುತ್ತಿದ ಸರ್ಮಾಲೆ, ಕೊಜೊನಾಕ್ ಎಂಬ ಸಿಹಿ ಬ್ರೆಡ್. ನಮಗಾಗಿ ಸರ್ಮಾಲೆಯಲ್ಲಿ ಅನ್ನ ಅಣಬೆ ತುಂಬಿ ಬೇರೆ ಪಾತ್ರೆಯಲ್ಲಿ ಮಾಡಿದ್ದರು.

ಊಟಕ್ಕೆ ಕೂತಾಗ ಹೈದ ಅವರ ಮನೆಯವರು ನಮ್ಮನ್ನು 'ಮುಸಾಫಿರ್' ಅಂದರು. ನಾನು ಬೆಚ್ಚಿದೆ. ತುರ್ಕಿಯವರ ಕಾಲದಲ್ಲಿ ಅವರ ಭಾಷೆಗೆ ಹೋದ ಪದವಂತೆ. ನಮ್ಮ ಕಡೆ ಮುಸಾಫಿರಖಾನೆ ಅನ್ನುತ್ತೇವಲ್ಲ, ಅದೇ ಮುಸಾಫಿರ್. ನಮಗೆ ದಾರಿಹೋಕ, ಅವರಿಗೆ ಮನೆಗೆ ಬಂದ ನೆಂಟ.

ಕಾವೇರಿತೀರದವಳು (ಜೂನ್ 2025)

ಪರೀಕ್ಷೆ ಮುಗಿದ ವಾರ ಬರ್ಡೋಸ್ವಾಲ್ಡ್‌ಗೆ ಹೋಗಿ ಬಂದೆವು. ಕಾರಿನಲ್ಲಿ ನಾಲ್ಕು ಗಂಟೆ ಮೇಲಾಯಿತು. ಶರಾವತಿ ಅವರು ಬುತ್ತಿ ಕಟ್ಟಿಕೊಂಡು ಬಂದು ಕಾಯುತ್ತಿದ್ದರು, ಚಿತ್ರಾನ್ನ ಮತ್ತು ಕೋಡುಬಳೆ. ಜೂನ್ ಅಂತ ಹೆಸರಿಗೆ ಮಾತ್ರ, ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಅವಳು ಕಣಜದ ಪಾಯದ ಸುತ್ತ ಎರಡು ಸಲ ನಡೆದಳು, ಆಮೇಲೆ ಗೋಡೆಯ ಪಕ್ಕ ಹುಲ್ಲಿನ ಮೇಲೆ ಕೂತು ಸುಚಾವಾಕ್ಕೆ ತಾತನಿಗೆ ವಿಡಿಯೋ ಕಾಲ್ ಮಾಡಿದಳು. ಫೋನ್ ತಿರುಗಿಸಿ ಕಲ್ಲು ತೋರಿಸಿದಳು, ಡೇಸಿಯನ್ನರು, ಮಗು, ದೆಚೆಬಾಲ್ ಅಂತ ಎಲ್ಲ ಹೇಳಿದಳು. ತಾತ ತುಂಬಾ ಹೊತ್ತು ಏನೂ ಹೇಳಲಿಲ್ಲ, ಫೋನ್ ಕಟ್ ಆಯಿತೇನೋ ಅಂದುಕೊಂಡೆವು. ಕೊನೆಗೆ ಅವರು ಹೇಳಿದ ಮಾತಿನಲ್ಲಿ ನನಗೆ ಗೊತ್ತಾಗಿದ್ದು ಒಂದೇ ಪದ, ಕುರೆಂಟ್. ಅವಳು ನಗುತ್ತಾ ನನ್ನ ಕಡೆ ಕೈ ಚಾಚಿದಳು, ನಾನು ನನ್ನ ಶಾಲು ಬಿಚ್ಚಿ ಕೊಟ್ಟೆ, ತಲೆಗೆ ಕಟ್ಟಿಕೊಂಡು ಮತ್ತೆ ಫೋನಿಗೆ ಮುಖ ತೋರಿಸಿದಳು.